ಮನೆ ತಟ್ಟಿ ನೋಡು

ಅಮ್ಮ ಊರಿಂದ ಬಂದಾಗ ಗಾಂಧಿಬಜಾರಿಗೆ ಕರಕೊಂಡು ಹೋದರೆ, ಒಂದು ತೆಂಗಿನಕಾಯಿ ಕೊಳ್ಳೋಕೆ ಏನಿಲ್ಲ ಅಂದ್ರೂ ಹತ್ತು ನಿಮಿಷ ಬೇಕು. ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಬೇಕು, ಬೆರಳ ಗೆಣ್ಣಿನಿಂದ ತಟ್ಟಬೇಕು, ಕಾಯಿಯ ಕಣ್ಣಿನ ಹತ್ತಿರ ಒದ್ದೆ ಇದೆಯಾ ಅಂತ ಉಜ್ಜಿ ನೋಡಬೇಕು. ಬೆಂಡೆಕಾಯಿ ಆದರೆ ತುದಿ ಮುರಿದು ನೋಡಬೇಕು. ಅಂಗಡಿಯವನು ಗೊಣಗಿದರೆ ‘ದುಡ್ಡು ಕೊಡೋದು ನಾನಪ್ಪಾ’ ಅಂತ ನಗುತ್ತಲೇ ಮುಂದಿನ ಕಾಯಿಗೆ ಕೈ ಹಾಕ್ತಾಳೆ.

ಅಂಥವಳ ಮಗಳಾದ ನಾನು 92 ಲಕ್ಷದ ಫ್ಲ್ಯಾಟನ್ನು ಒಟ್ಟು ಮೂವತ್ತೈದು ನಿಮಿಷ ನೋಡಿ ಒಪ್ಪಿಕೊಂಡೆ. ಅದರಲ್ಲಿ ಹತ್ತು ನಿಮಿಷ ಬಾಲ್ಕನಿಯಲ್ಲೇ ನಿಂತಿದ್ದೆ. ಬಾಲ್ಕನಿಗೆ ತಾಗಿಕೊಂಡೇ ಒಂದು ಹೊಂಗೆ ಮರ. ಭಾನುವಾರ ಸಂಜೆ ನಾಲ್ಕು ಗಂಟೆಯ ಬಿಸಿಲು ಎಲೆಗಳ ನಡುವಿಂದ ತೂರಿ ಬಂದು ನೆಲದ ಮೇಲೆ ಬಿದ್ದಿತ್ತು. ‘ಇದೇ ಕಣೋ ನಮ್ಮನೆ’ ಅಂತ ಗಂಡನ ಕೈ ಹಿಂಡಿದೆ. ಅವನು ಆಗಲೇ ಟಿವಿ ಯಾವ ಗೋಡೆಗೆ ಅಂತ ಮನಸ್ಸಿನಲ್ಲೇ ಲೆಕ್ಕ ಹಾಕ್ತಿದ್ದ. ಮರುದಿನ ಬೆಳಿಗ್ಗೆ 50 ಸಾವಿರ ಟೋಕನ್ ಅಡ್ವಾನ್ಸ್ ಕಳಿಸಿಯೂ ಆಯಿತು.

ಇಲ್ಲಿ ಒಂದು ಮಾತು ಹೇಳಲೇಬೇಕು. ನನ್ನ ಉದ್ಯೋಗ ಸಾಫ್ಟ್‌ವೇರ್ ಟೆಸ್ಟಿಂಗು. ಬೇರೆಯವರು ಬರೆದ ಕೋಡಿನಲ್ಲಿ ತಪ್ಪು ಹುಡುಕೋದಕ್ಕೇ ನನಗೆ ಸಂಬಳ ಕೊಡ್ತಾರೆ. ಒಂದು ಬಟನ್ನಿನ ಬಣ್ಣ ಬದಲಾದರೂ ಮೂವತ್ತು ಟೆಸ್ಟ್ ಕೇಸ್ ಬರೆಯೋಳು ನಾನು. ಅಂಥ ನಾನು ಇಪ್ಪತ್ತು ವರ್ಷ ಸಾಲ ತೀರಿಸಬೇಕಾದ ವಸ್ತುವಿನ ಒಂದು ನಲ್ಲಿಯನ್ನೂ ತಿರುಗಿಸಿ ನೋಡಿರಲಿಲ್ಲ. ಹಾಗಂತ ಏನೂ ನೋಡಲಿಲ್ಲ ಅಂತಲ್ಲ. ಅತ್ತೆ ಮೊಬೈಲಿನ ದಿಕ್ಸೂಚಿ ಹಿಡಿದು ಅಡುಗೆಮನೆ ಆಗ್ನೇಯಕ್ಕೆ ಇದೆ ಅಂತ ಖಾತ್ರಿ ಮಾಡಿಕೊಂಡಿದ್ದರು. ವಾಸ್ತು ನೋಡಿದ್ವಿ, ವಸ್ತು ನೋಡಲಿಲ್ಲ.

ಇದು ಬರೀ ನಮ್ಮಿಬ್ಬರ ದುಡ್ಡಾಗಿದ್ದರೆ ಬೇರೆ ಮಾತು. ಹೈಸ್ಕೂಲು ಮೇಷ್ಟ್ರಾಗಿ ನಿವೃತ್ತರಾದ ಅಪ್ಪ ಹಾಸನದಲ್ಲಿ ಒಂದು ಸೈಟು ಇಟ್ಟುಕೊಂಡಿದ್ದರು. ಅದನ್ನು ಮಾರಿ 15 ಲಕ್ಷ ನಮಗೆ ಕೊಟ್ಟಿದ್ದರು. ಕೊಡುವಾಗ ಒಂದು ಮಾತೂ ಆಡಲಿಲ್ಲ. ‘ಖಾತೆಗೆ ಹಾಕಿದೀನಿ, ನೋಡ್ಕೋ ಪುಟ್ಟಿ’ ಅಂತ ಫೋನಿನಲ್ಲಿ ಅಂದರು, ಅಷ್ಟೆ. ಅವರು ಆ ಸೈಟಿನ ಕಂತು ಕಟ್ಟುತ್ತಿದ್ದ ಕಾಲದಲ್ಲಿ ನನಗೆ ಸ್ಕೂಲಿನ ಶೂ ವರ್ಷಕ್ಕೆ ಒಂದೇ ಜೊತೆ.

ಫ್ಲ್ಯಾಟು ಕನಕಪುರ ರಸ್ತೆಯ ಕಡೆ, ಒಂದು ಒಳರಸ್ತೆಯಲ್ಲಿ. ಹನ್ನೆರಡು ವರ್ಷ ಹಳೇ ಕಟ್ಟಡ, ಮೂವತ್ತೆರಡು ಮನೆ. ನಮ್ಮದು ಮೂರನೇ ಮಹಡಿ. ಮಾರುತ್ತಿದ್ದವರು ಎಪ್ಪತ್ತು ದಾಟಿದ, ಮೆತ್ತಗೆ ಮಾತಾಡುವ ಒಬ್ಬ ಅಂಕಲ್. ಹೆಂಡತಿ ತೀರಿಕೊಂಡು ಎರಡು ವರ್ಷ. ಮೈಸೂರಿನಲ್ಲಿರುವ ಮಗಳ ಮನೆಗೆ ಹೊರಟಿದ್ದರು.

ಕಾಗದಪತ್ರದ ವಿಷಯದಲ್ಲಿ ನಾವು ಜಾಣರೇ. ವಕೀಲರು ಮೂಲಪತ್ರ, ಇ.ಸಿ., ಖಾತೆ, ತೆರಿಗೆ ರಸೀದಿ, ಓ.ಸಿ. ಎಲ್ಲ ನೋಡಿ ಸರಿ ಇದೆ ಅಂದರು. ಬ್ಯಾಂಕಿನಿಂದಲೂ ಒಬ್ಬ ಎಂಜಿನಿಯರು ಬಂದರು. ಅಬ್ಬ, ಇನ್ನೇನು ಚಿಂತೆ ಅಂದುಕೊಂಡೆ. ಅವರು ಮನೆಯೊಳಗಿದ್ದದ್ದು ಹನ್ನೆರಡು ನಿಮಿಷ. ನಾಲ್ಕು ಫೋಟೋ ತೆಗೆದರು, ಹಾಲ್ ಅಳೆದರು, ಅಕ್ಕಪಕ್ಕ ಏನಿದೆ ಅಂತ ಬರಕೊಂಡರು. ‘ಸರ್, ಗೋಡೆ, ಪೈಪು, ವೈರಿಂಗು...’ ಅಂತ ಕೇಳಿದ್ದಕ್ಕೆ ನಕ್ಕು, ‘ಮೇಡಂ, ನಾನು ಬಂದಿರೋದು ಬ್ಯಾಂಕಿನ ಸಾಲಕ್ಕೆ. ನಾಳೆ ನೀವು ಕಟ್ಟದೇ ಹೋದರೆ ಈ ಮನೆ ಮಾರಿದರೆ ಅಸಲು ಬರುತ್ತಾ ಅಂತ ನೋಡೋದು ನನ್ನ ಕೆಲಸ. ನಿಮ್ಮ ಬಾತ್‌ರೂಮ್ ಸೋರುತ್ತಾ ಅನ್ನೋದು ನಿಮ್ಮ ಕೆಲಸ’ ಅಂದರು. ಬೇಜಾರಾಯ್ತು. ಆದರೆ ಅವರು ಹೇಳಿದ್ದರಲ್ಲಿ ತಪ್ಪೇನಿತ್ತು? ವಕೀಲರು ಕಾಗದ ನೋಡ್ತಾರೆ, ಬ್ಯಾಂಕು ತನ್ನ ದುಡ್ಡು ನೋಡಿಕೊಳ್ಳುತ್ತೆ, ಬ್ರೋಕರು ಕಮಿಷನ್ ನೋಡ್ತಾನೆ. ಮನೆಯನ್ನು ಮನೆ ಅಂತ ನೋಡೋರು ಯಾರೂ ಇರಲಿಲ್ಲ.

ಆಫೀಸಿನಲ್ಲಿ ಊಟಕ್ಕೆ ಕೂತಾಗ ಇದನ್ನು ಹೇಳಿದೆ. ಎದುರಿಗಿದ್ದ ಸಹೋದ್ಯೋಗಿ ಚಮಚ ಕೆಳಗಿಟ್ಟಳು. ಹೊಚ್ಚಹೊಸ ಫ್ಲ್ಯಾಟು ಕೊಂಡವಳು ಅವಳು. ಗೃಹಪ್ರವೇಶದ ದಿನವೇ ಹೊಗೆಗಿಂತ ಮೊದಲು ಬಾತ್‌ರೂಮಿನ ವಾಸನೆ ಬಂದಿತ್ತಂತೆ. ‘ಹದಿನೈದು ಸಾವಿರದ ಆಸುಪಾಸಿನಲ್ಲಿ ಇನ್‌ಸ್ಪೆಕ್ಷನ್ ಮಾಡಿಕೊಡೋರು ಇದಾರೆ ಕಣೇ. ನನಗೆ ಆಮೇಲೆ ಗೊತ್ತಾಯ್ತು. ನಿನಗೆ ಮೊದಲೇ ಗೊತ್ತಾಗ್ತಿದೆ’ ಅಂದಳು.

ಮನೆಗೆ ಬಂದು ಹೇಳಿದರೆ ಗಂಡ ಒಪ್ಪಲಿಲ್ಲ. ‘ಹದಿನೈದು ಸಾವಿರಕ್ಕೆ ಒಂದು ಒಳ್ಳೇ ಗೀಸರ್ ಬರುತ್ತೆ.’ ಬ್ರೋಕರಂತೂ ಗಾಬರಿಯೇ ಆದ. ‘ಮೇಡಂ, ಇದೆಲ್ಲ ಫಾರಿನ್ನಲ್ಲಿ. ಓನರಿಗೆ ಬೇಜಾರಾಗುತ್ತೆ. ಇನ್ನೊಂದು ಪಾರ್ಟಿ ರೆಡಿ ಇದೆ.’ ಈ ‘ಇನ್ನೊಂದು ಪಾರ್ಟಿ’ ಬೆಂಗಳೂರಿನ ಪ್ರತಿ ಫ್ಲ್ಯಾಟಿನ ಹಿಂದೆಯೂ ನಿಂತಿರುತ್ತೆ, ಯಾರೂ ಕಣ್ಣಾರೆ ನೋಡಿಲ್ಲ. ಕೊನೆಗೆ ನಾನೇ ಅಂಕಲ್‌ಗೆ ಫೋನ್ ಮಾಡಿದೆ. ಅವರು ಒಂದು ಕ್ಷಣ ಸುಮ್ಮನಿದ್ದು, ‘ನೋಡಮ್ಮ, ನೋಡಬೇಕಾದ್ದೇ. ಶನಿವಾರ ಬನ್ನಿ’ ಅಂದರು. ಆ ಒಂದು ಕ್ಷಣದ ಮೌನ ನನಗೆ ಆಮೇಲೆ ನೆನಪಾಯಿತು.

ಇನ್‌ಸ್ಪೆಕ್ಷನ್ ಮಾಡೋರನ್ನು ಆರಿಸುವಾಗ ಸ್ವಲ್ಪ ಹುಷಾರಾಗಿರಬೇಕು. ವಕೀಲರಿಗೆ ಸನ್ನದು ಇದ್ದ ಹಾಗೆ ನಮ್ಮಲ್ಲಿ ಈ ಕೆಲಸಕ್ಕೆ ಸರ್ಕಾರದ ಲೈಸೆನ್ಸ್ ಅಂತಿಲ್ಲ. ಒಂದು ಕ್ಯಾಮೆರಾ, ಒಂದು ವೆಬ್‌ಸೈಟು ಇದ್ದವರೆಲ್ಲ ಬೋರ್ಡು ಹಾಕಬಹುದು. ನಾನು ಮೂರು ಕಡೆ ಫೋನ್ ಮಾಡಿ ಒಂದೇ ನಾಲ್ಕು ಪ್ರಶ್ನೆ ಕೇಳಿದೆ. ಬರುವವರು ಸಿವಿಲ್ ಎಂಜಿನಿಯರಾ? ಜೊತೆಗೆ ಎಲೆಕ್ಟ್ರಿಕಲ್ ಗೊತ್ತಿರೋರು ಇರ್ತಾರಾ? ಹಿಂದೆ ಮಾಡಿದ ಒಂದು ರಿಪೋರ್ಟನ್ನು, ಹೆಸರು ಅಳಿಸಿ ತೋರಿಸ್ತೀರಾ? ಕಡೇದು, ಎಲ್ಲಕ್ಕಿಂತ ಮುಖ್ಯವಾದದ್ದು: ರಿಪೇರಿ ಕೆಲಸವನ್ನೂ ನೀವೇ ಮಾಡ್ತೀರಾ? ಒಂದು ಕಡೆಯವರು ಉತ್ಸಾಹದಿಂದ ‘ಹೌದು ಮೇಡಂ, ವಾಟರ್‌ಪ್ರೂಫಿಂಗು, ಪೇಂಟಿಂಗು ಎಲ್ಲ ಪ್ಯಾಕೇಜು’ ಅಂದರು. ಅಲ್ಲಿಗೇ ಬಿಟ್ಟೆ. ಔಷಧಿ ಅಂಗಡಿಯವನೇ ಕಾಯಿಲೆ ಹುಡುಕಿದರೆ ಯಾರೂ ಆರೋಗ್ಯವಾಗಿರೋಲ್ಲ.

ಶನಿವಾರ ಒಂಬತ್ತೂವರೆಗೆ ಇಬ್ಬರು ಬಂದರು. ನನಗಿಂತ ಚಿಕ್ಕವಳಿರಬೇಕು, ಒಬ್ಬ ಸಿವಿಲ್ ಎಂಜಿನಿಯರ್ ಹುಡುಗಿ. ಜೊತೆಗೆ ಒಬ್ಬ ಎಲೆಕ್ಟ್ರಿಷಿಯನ್. ಅಪ್ಪನೂ ಹಾಸನದಿಂದ ಬೆಳಗಿನ ಬಸ್ಸು ಹಿಡಿದು ಬಂದಿದ್ದರು. ಹುಡುಗಿ ಬ್ಯಾಗಿನಿಂದ ಒಂದೊಂದೇ ತೆಗೆದಳು. ಲೇಸರ್ ಅಳತೆ ಸಾಧನ, ತೇವ ಅಳೆಯುವ ಮೀಟರು, ಥರ್ಮಲ್ ಕ್ಯಾಮೆರಾ, ಸಾಕೆಟ್ಟಿಗೆ ಸಿಕ್ಕಿಸುವ ಟೆಸ್ಟರು, ತುದಿಯಲ್ಲಿ ಗುಂಡು ಇರುವ ಒಂದು ಕಡ್ಡಿ, ಒಂದು ಪ್ಲಾಸ್ಟಿಕ್ ಚೆಂಡು. ಅಪ್ಪ ಚೆಂಡನ್ನು ನೋಡಿ, ‘ಇದ್ಯಾಕಮ್ಮ?’ ಅಂದರು. ‘ಬಾತ್‌ರೂಮಿನ ನೆಲಕ್ಕೆ ಸರ್. ಎಲ್ಲಿ ಬಿಟ್ಟರೂ ನೀರು ಹೋಗೋ ತೂತಿನ ಕಡೆಗೇ ಉರುಳಬೇಕು.’

ಆ ಕಡ್ಡಿ ನನಗೆ ಬಹಳ ಇಷ್ಟವಾಯಿತು. ಹುಡುಗಿ ಹಾಲಿನಿಂದ ಶುರುಮಾಡಿ ಒಂದೊಂದು ಟೈಲಿನ ಮೇಲೂ ಅದನ್ನು ಟಕಟಕ ಅಂತ ಆಡಿಸುತ್ತಾ ಹೋದಳು. ಕೆಳಗೆ ಸಿಮೆಂಟು ಗಟ್ಟಿಯಾಗಿ ಕೂತಿದ್ದರೆ ‘ಟಕ್’. ಟೊಳ್ಳಾಗಿದ್ದರೆ ‘ಡಬ್’. ಐದು ನಿಮಿಷದಲ್ಲಿ ನನಗೂ ವ್ಯತ್ಯಾಸ ಗೊತ್ತಾಯಿತು. ಅಮ್ಮನ ತೆಂಗಿನಕಾಯಿ ವಿದ್ಯೆಯೇ. ಹಾಲಿನಲ್ಲಿ ಆರು ಟೈಲು ಟೊಳ್ಳು, ಅಡುಗೆಮನೆಯಲ್ಲಿ ಎರಡು. ‘ಇದಕ್ಕೆ ತಲೆ ಕೆಡಿಸಿಕೊಳ್ಳಬೇಡಿ. ಭಾರದ ಸಾಮಾನು ಅದರ ಮೇಲೆ ಇಡಬೇಡಿ, ಅಷ್ಟೆ’ ಅಂದಳು.

ಬಾಲ್ಕನಿ ಬಾಗಿಲ ಪಕ್ಕದ ಗೋಡೆಯಲ್ಲಿ ಮೇಲಿನಿಂದ ಕೆಳಗೆ ಒಂದು ಬಿರುಕು ಇತ್ತು. ನನ್ನ ಎದೆ ಧಸಕ್ಕೆಂದಿತು. ಅವಳು ಟಾರ್ಚ್ ಬಿಟ್ಟು ನೋಡಿ ಮುಂದಕ್ಕೆ ಹೋದಳು. ಕಾಂಕ್ರೀಟಿನ ಕಂಬವೂ ಬ್ಲಾಕಿನ ಗೋಡೆಯೂ ಸೇರುವ ಜಾಗ ಅದು. ಎರಡೂ ಬಿಸಿಲಿಗೆ, ಚಳಿಗೆ ಹಿಗ್ಗಿ ಕುಗ್ಗುವ ರೀತಿ ಬೇರೆ, ಹಾಗಾಗಿ ಅಲ್ಲಿ ನೇರ ಗೆರೆಯ ಬಿರುಕು ಬರುವುದು ಮಾಮೂಲಿ. ಹೆದರಬೇಕಾದ ಬಿರುಕು ಬೇರೆ. ಕಂಬದಲ್ಲೇ, ತೊಲೆಯಲ್ಲೇ ಬಿರುಕು ಬಿಟ್ಟಿದ್ದು, ಅದರ ಗುಂಟ ಕಂದು ಬಣ್ಣದ ತುಕ್ಕಿನ ಕಲೆ ಇಳಿದಿದ್ದರೆ, ಕಾಂಕ್ರೀಟು ಸಿಪ್ಪೆ ಎದ್ದು ಒಳಗಿನ ಕಬ್ಬಿಣ ಕಾಣುತ್ತಿದ್ದರೆ, ಅದು ಬಣ್ಣ ಬಳಿಯುವವರ ಕೆಲಸವಲ್ಲ, ಸ್ಟ್ರಕ್ಚರಲ್ ಎಂಜಿನಿಯರ್ ನೋಡಬೇಕಾದ್ದು. ಅದಕ್ಕೇ ಅವಳು ನಮ್ಮನ್ನು ಬೇಸ್‌ಮೆಂಟಿನ ಪಾರ್ಕಿಂಗಿಗೂ ಕರೆದುಕೊಂಡು ಹೋದಳು. ‘ಮನೆಯೊಳಗೆ ಎಲ್ಲ ಕಂಬಕ್ಕೂ ಬಣ್ಣ ಇರುತ್ತೆ. ಇಲ್ಲಿ ಕಟ್ಟಡ ತನ್ನ ನಿಜ ಹೇಳುತ್ತೆ’ ಅಂದಳು. ಅಪ್ಪ ಒಂದೊಂದು ಕಂಬವನ್ನೂ, ಪರೀಕ್ಷೆ ಹಾಲಿನಲ್ಲಿ ಹುಡುಗರನ್ನು ನೋಡುವ ಹಾಗೆ ನೋಡುತ್ತಾ ಬಂದರು. ಕಂಬಗಳು ಪಾಸಾದವು.

ಇತ್ತ ಎಲೆಕ್ಟ್ರಿಷಿಯನ್ ಡಿಸ್ಟ್ರಿಬ್ಯೂಷನ್ ಬೋರ್ಡ್ ತೆಗೆದಿದ್ದ. ಅದರಲ್ಲಿ ಆರ್‌ಸಿಸಿಬಿ ಅಂತ ಒಂದು ಅಗಲವಾದ ಸ್ವಿಚ್ಚಿರುತ್ತೆ, ಪಕ್ಕದಲ್ಲಿ ‘ಟಿ’ ಅಂತ ಬರೆದ ಸಣ್ಣ ಬಟನ್. ಕರೆಂಟು ಹೋಗಬೇಕಾದ ದಾರಿ ಬಿಟ್ಟು ಮನುಷ್ಯನ ಮೈ ಮೂಲಕ ನೆಲಕ್ಕೆ ಹರಿಯತೊಡಗಿದರೆ, ಕಣ್ಣು ಮಿಟುಕಿಸುವಷ್ಟರಲ್ಲಿ ಅದು ಕೆಳಗೆ ಬೀಳಬೇಕು. ಮನೆಗಳಲ್ಲಿ ಜೀವರಕ್ಷಣೆಗೆ ಹಾಕುವುದು 30 ಮಿಲಿಆಂಪಿಯರಿನದ್ದು. ಅವನು ಬಟನ್ ಒತ್ತಿದ. ಏನೂ ಆಗಲಿಲ್ಲ. ಇನ್ನೊಮ್ಮೆ ಒತ್ತಿದ. ಫ್ಯಾನು ತನ್ನ ಪಾಡಿಗೆ ತಿರುಗುತ್ತಲೇ ಇತ್ತು. ‘ಇದು ಸತ್ತು ಹೋಗಿದೆ ಸರ್’ ಅಂದ. ಆಮೇಲೆ ದೊಡ್ಡ ಬೆಡ್‌ರೂಮಿನ ಬಾತ್‌ರೂಮಿಗೆ ಹೋಗಿ ಗೀಸರಿನ ಸಾಕೆಟ್ಟಿಗೆ ಟೆಸ್ಟರು ಸಿಕ್ಕಿಸಿದ. ಅರ್ಥಿಂಗೇ ಇಲ್ಲ. ಯಾವಾಗಲೋ ಯಾರೋ ಎರಡೇ ವೈರು ಎಳೆದು ಗೀಸರು ಹಾಕಿ ಹೋಗಿದ್ದರು. ಅಂದರೆ ಗೀಸರಿನ ಕಾಯಿಲ್ ಕೆಟ್ಟ ದಿನ, ಕಾಪಾಡಬೇಕಾದ ಎರಡರಲ್ಲಿ ಒಂದೂ ಇರುತ್ತಿರಲಿಲ್ಲ.

ನಾವು ಗೋಡೆಯ ಬಿರುಕಿಗೆ ಹೆದರಿದ್ವಿ. ಗೀಸರಿಗೆ ಯಾರೂ ಹೆದರಿರಲಿಲ್ಲ. ಅಂಕಲ್ ಹನ್ನೆರಡು ವರ್ಷ ಅದರ ಕೆಳಗೇ ಸ್ನಾನ ಮಾಡಿದ್ದರು. ಅವರಿಗೆ ಇದನ್ನು ಹೇಳಿದಾಗ ಮುಖ ಬಿಳಿಚಿಕೊಂಡಿತು. ಇದನ್ನು ಓದುತ್ತಿರುವವರು ಬಾಡಿಗೆ ಮನೆಯಲ್ಲೇ ಇದ್ದರೂ ಸರಿ, ಈಗಲೇ ಎದ್ದು ಹೋಗಿ ಆ ಬಟನ್ ಒಮ್ಮೆ ಒತ್ತಿ. ಕರೆಂಟು ಹೋದರೆ ಆ ಸ್ವಿಚ್ಚು ಕೆಲಸ ಮಾಡ್ತಿದೆ ಅಂತ ಅರ್ಥ. ಹೋಗದಿದ್ದರೆ ಇವತ್ತೇ ಎಲೆಕ್ಟ್ರಿಷಿಯನ್ನಿಗೆ ಫೋನ್ ಮಾಡಿ.

ಕೊನೆಗೆ ಚಿಕ್ಕ ಬೆಡ್‌ರೂಮು. ಇಡೀ ಮನೆಗೆ ಹಳೇ ಕೆನೆ ಬಣ್ಣ, ಈ ರೂಮಿನ ಒಂದೇ ಒಂದು ಗೋಡೆಗೆ ಹೊಸ ಬಣ್ಣ. ಅದು ಕಾಮನ್ ಬಾತ್‌ರೂಮಿಗೆ ಅಂಟಿಕೊಂಡ ಗೋಡೆ. ನಾನು ಮೊದಲ ದಿನ ನೋಡಿ, ‘ಪಾಪ, ಮಾರೋಕೆ ಅಂತ ಚೆನ್ನಾಗಿ ಇಟ್ಕೊಂಡಿದಾರೆ’ ಅಂದುಕೊಂಡಿದ್ದೆ. ಹುಡುಗಿ ಥರ್ಮಲ್ ಕ್ಯಾಮೆರಾ ಹಿಡಿದಳು. ಈ ಕ್ಯಾಮೆರಾ ಗೋಡೆಯೊಳಗಿನ ನೀರನ್ನು ನೋಡುವುದಿಲ್ಲ, ಬರೀ ಶಾಖದ ವ್ಯತ್ಯಾಸ ತೋರಿಸುತ್ತದೆ. ಒದ್ದೆ ಗೋಡೆ ಆರುತ್ತಾ ತಣ್ಣಗಾಗುವುದರಿಂದ ಆ ಭಾಗ ನೀಲಿಯಾಗಿ ಕಾಣುತ್ತೆ. ಹಾಗಾಗಿ ನೀಲಿ ಕಂಡ ಕಡೆ ಮೀಟರು ಒತ್ತಿ ಖಾತ್ರಿ ಮಾಡಿಕೊಳ್ಳಬೇಕು. ಪರದೆಯ ಮೇಲೆ ನೆಲದಿಂದ ಎರಡೂವರೆ ಅಡಿ ಎತ್ತರದವರೆಗೆ ಒಂದು ನೀಲಿ ಬೆಟ್ಟ ಎದ್ದಿತ್ತು. ಮೀಟರು ಕೀರಲು ದನಿಯಲ್ಲಿ ಕೂಗಿತು. ಬೀರುವನ್ನು ಸ್ವಲ್ಪ ಸರಿಸಿದರೆ ಹಿಂದೆ ಬಣ್ಣ ಉಬ್ಬಿ, ಬಿಳಿ ಉಪ್ಪಿನ ಪುಡಿ ಉದುರಿತ್ತು.

‘ಅಂಕಲ್, ಈ ಗೋಡೆಗೆ ಮಾತ್ರ ಯಾವಾಗ ಬಣ್ಣ ಹೊಡೆಸಿದ್ರಿ?’

ಅಂಕಲ್ ಬಾಗಿಲ ಹತ್ತಿರ ಕಾಫಿ ಲೋಟಗಳ ತಟ್ಟೆ ಹಿಡಿದು ನಿಂತಿದ್ದರು. ‘ದೀಪಾವಳಿಗೆ. ಪ್ರತಿ ದೀಪಾವಳಿಗೂ ಹೊಡೆಸ್ತೀನಿ’ ಅಂದರು. ನನ್ನ ಗಂಡ ನನ್ನ ಮುಖ ನೋಡಿದ. ಅವನ ಕಣ್ಣಿನಲ್ಲಿ ‘ಸಿಕ್ಕಿಬಿದ್ದ’ ಅನ್ನೋ ಥರದ್ದೊಂದು ಹೊಳಪು. ನಿಜ ಹೇಳಬೇಕಂದ್ರೆ ನನಗೂ ಹಾಗೇ ಅನ್ನಿಸಿತು.

ಹುಡುಗಿ ಬಾತ್‌ರೂಮಿಗೆ ಹೋದಳು. ಅಲ್ಲಿ ಕಮೋಡಿನ ಪಕ್ಕ, ಷವರಿನ ಕೆಳಗೆ ಸ್ಟೀಲಿನ ಹಿಡಿಗಂಬಿಗಳಿದ್ದವು. ನೆಲದ ಟೈಲು ಒಂದು ಕಡೆ ಬೇರೆ ಬಣ್ಣದ್ದು. ಚೆಂಡು ಬಿಟ್ಟರೆ ಅದು ತೂತಿನ ಕಡೆ ಹೋಗದೆ ಗೋಡೆಯ ಮೂಲೆಗೆ ಹೋಗಿ ನಿಂತಿತು. ‘ಇಲ್ಲಿ ನೆಲ ಒಡೆದು ಕಮೋಡ್ ಜಾಗ ಬದಲಾಯಿಸಿದ್ದೀರಾ?’

‘ನಾಲ್ಕು ವರ್ಷ ಆಯ್ತಮ್ಮ. ಅವಳಿಗೆ ಪಾರ್ಶ್ವವಾಯು ಹೊಡೀತು. ವೀಲ್‌ಚೇರು ಒಳಗೆ ಬರ್ತಿರಲಿಲ್ಲ. ಆಸ್ಪತ್ರೆಯಿಂದ ಸೋಮವಾರ ಡಿಸ್ಚಾರ್ಜ್ ಅಂದ್ರು, ಭಾನುವಾರ ಒಂದೇ ದಿನದಲ್ಲಿ ಮಾಡಿಸಿದೆ. ಈ ಕಂಬಿಗಳೂ ಆಗಲೇ.’ ತಟ್ಟೆಯನ್ನು ವಾಷಿಂಗ್ ಮಷೀನಿನ ಮೇಲಿಟ್ಟರು. ‘ಮುಚ್ಚಿಡಬೇಕು ಅಂತಲ್ಲ. ಒಡೆಸಿ ಸರಿಮಾಡಿಸೋಣ ಅಂತ ಪ್ರತಿ ಸಲ ಅಂದುಕೊಳ್ತೀನಿ. ಕಂಬಿ ತೆಗೆಸಬೇಕಲ್ಲ ಅಂತ ಬಣ್ಣ ಹೊಡೆಸಿ ಸುಮ್ಮನಾಗ್ತೀನಿ.’

ಯಾರೂ ಮಾತಾಡಲಿಲ್ಲ. ಅಪ್ಪ ತಟ್ಟೆಯಿಂದ ಒಂದು ಲೋಟ ಎತ್ತಿಕೊಂಡು, ‘ಕಾಫಿ ಆರುತ್ತೆ, ಬನ್ನಿ ಸರ್, ಹೊರಗೆ ಕೂತ್ಕೊಳ್ಳೋಣ’ ಅಂತ ಅವರನ್ನು ಬಾಲ್ಕನಿಗೆ ಕರೆದುಕೊಂಡು ಹೋದರು.

ಹುಡುಗಿ ನನಗೆ ಮೆತ್ತಗೆ ವಿವರಿಸಿದಳು. ಬಾತ್‌ರೂಮಿನ ನೆಲವನ್ನು ಉಳಿದ ಮನೆಗಿಂತ ಒಂದಡಿಯಷ್ಟು ತಗ್ಗಿಸಿ, ಆ ತಗ್ಗಿಗೆ ವಾಟರ್‌ಪ್ರೂಫಿಂಗ್ ಬಳಿದು, ಪೈಪು ಹಾಕಿ, ತುಂಬಿಸಿ, ಮೇಲೆ ಟೈಲು ಕೂರಿಸಿರುತ್ತಾರೆ. ಒಂದೇ ದಿನದಲ್ಲಿ ನೆಲ ಒಡೆದು ಪೈಪು ತಿರುಗಿಸಿದಾಗ ಆ ಪದರ ಹರಿದಿದೆ. ಕಂಬಿಗೆ ಕೊರೆದ ತೂತುಗಳಿಂದಲೂ ಟೈಲಿನ ಹಿಂದಕ್ಕೆ ನೀರು ಹೋಗುತ್ತಿದೆ. ತಗ್ಗಿನಲ್ಲಿ ನಿಂತ ನೀರನ್ನು ಗೋಡೆ ಬತ್ತಿಯ ಹಾಗೆ ಮೇಲಕ್ಕೆ ಹೀರುತ್ತಿದೆ. ‘ಕೆಳಗಿನ ಮನೆಯವರನ್ನ ಒಂದ್ಸಲ ಕೇಳಿ’ ಅಂದಳು. ಎರಡನೇ ಮಹಡಿಯ ಆಂಟಿ ಬಾಗಿಲು ತೆಗೆದು, ನಾವು ಯಾಕೆ ಬಂದಿದ್ದೀವಿ ಅಂತ ಹೇಳುವ ಮೊದಲೇ ತಮ್ಮ ಬಾತ್‌ರೂಮಿನ ಸೀಲಿಂಗ್ ತೋರಿಸಿದರು. ಅಲ್ಲೊಂದು ಹಳದಿ ಕಲೆ. ‘ಅವರ ಪರಿಸ್ಥಿತಿ ನೋಡಿ ಜಗಳ ಆಡೋಕೆ ಮನಸ್ಸು ಬರಲಿಲ್ಲ. ಹೊಸಬರು ಬಂದ ಮೇಲೆ ಕೇಳೋಣ ಅಂತಿದ್ದೆ’ ಅಂದರು. ಹೊಸಬರು ಅಂದರೆ ನಾವು! ಮೇಲಿನವರಿಗಿಂತ ಕೆಳಗಿನ ಮನೆಯವರಿಗೇ ಮೇಲಿನ ಮನೆಯ ಗುಟ್ಟು ಗೊತ್ತಿರುತ್ತೆ. ಫ್ಲ್ಯಾಟು ಕೊಳ್ಳುವವರು ಕಾಸು ಖರ್ಚಿಲ್ಲದೆ ಮಾಡಬಹುದಾದ ಇನ್‌ಸ್ಪೆಕ್ಷನ್ ಅಂದರೆ ಇದೊಂದೇ, ಕೆಳಗಿನ ಮನೆಯ ಬೆಲ್ ಒತ್ತೋದು.

ಮಂಗಳವಾರ ರಿಪೋರ್ಟ್ ಬಂತು. 41 ಪುಟ, 63 ದೋಷಗಳು, ಫೋಟೋ ಸಮೇತ. ಓದುತ್ತಾ ಹೋದ ಹಾಗೆ ಮನೆ ನಮ್ಮ ಕಣ್ಣೆದುರೇ ಕುಸಿಯುತ್ತಿದೆ ಅನ್ನಿಸಿತು. ಕಿಟಕಿಯ ಸಿಲಿಕೋನ್ ಒಣಗಿದೆ, ಸಿಂಕಿನ ಕೆಳಗೆ ಟ್ರ್ಯಾಪ್ ಇಲ್ಲ, ಬಾಗಿಲು ನೆಲಕ್ಕೆ ಉಜ್ಜುತ್ತದೆ. 1,340 ಚದರಡಿ ಅಂತ ಹೇಳಿದ ಮನೆಯ ಕಾರ್ಪೆಟ್ ಏರಿಯಾ 985. ಗಂಡ ಲ್ಯಾಪ್‌ಟಾಪ್ ಮುಚ್ಚಿ, ‘ಬೇಡ ಬಿಡೇ. 50 ಸಾವಿರ ಹೋದರೆ ಹೋಗಲಿ’ ಅಂದ. ಹೌದು, ಟೋಕನ್ ಕೊಡುವಾಗ ನಾವು ಒಂದು ಸಾಲೂ ಬರೆಸಿಕೊಂಡಿರಲಿಲ್ಲ. ‘ಇನ್‌ಸ್ಪೆಕ್ಷನ್ನಿನಲ್ಲಿ ದೊಡ್ಡ ದೋಷ ಕಂಡರೆ, ಅಥವಾ ಸಾಲ ಸಿಗದಿದ್ದರೆ ಹಣ ವಾಪಸ್ಸು’ ಅಂತ ಒಂದು ವಾಕ್ಯ, ವಾಟ್ಸಾಪಿನಲ್ಲಾದರೂ ಇರಬೇಕಿತ್ತು. ಇನ್‌ಸ್ಪೆಕ್ಷನ್ ಮೊದಲು, ದುಡ್ಡು ಆಮೇಲೆ. ಅಷ್ಟು ತಡೆಯೋಕೆ ಆಗದಿದ್ದರೆ ಈ ವಾಕ್ಯವಾದರೂ ಮೊದಲು.

ಎಂಜಿನಿಯರಿಗೆ ಫೋನ್ ಮಾಡಿ, ‘ನೀವೇ ಹೇಳಿಬಿಡಿ, ತಗೊಳ್ಳೋದಾ ಬೇಡವಾ?’ ಅಂದೆ. ‘ಅದು ಮಾತ್ರ ನಾನು ಹೇಳೋದಿಲ್ಲ ಮೇಡಂ’ ಅಂದಳು. ಆಮೇಲೆ ಒಂದು ನಿಮಿಷ ಯೋಚಿಸಿ, ‘ನೀವು ಟೆಸ್ಟರ್ ಅಂದ್ರಲ್ಲ? ಬಗ್ ಲಿಸ್ಟ್ ಬಂದಾಗ ಏನು ಮಾಡ್ತೀರಿ?’ ಅಂತ ಕೇಳಿದಳು.

ಆಗ ಬುದ್ಧಿ ಕೆಲಸ ಮಾಡಿತು. 63 ಬಗ್ ಇದೆ ಅಂತ ಯಾರೂ ಆ್ಯಪ್ ಎಸೆಯೋದಿಲ್ಲ. ಯಾವುದು ಪ್ರಾಣ ತೆಗೆಯುತ್ತೆ, ಯಾವುದು ಕಾಲ ಕಳೆದಂತೆ ಬೆಳೆಯುತ್ತೆ, ಯಾವುದು ಬರೀ ಕಣ್ಣಿಗೆ ಚುಚ್ಚುತ್ತೆ ಅಂತ ವಿಂಗಡಿಸ್ತೀವಿ. ರಾತ್ರಿ ಕೂತು ಮೂರು ಗುಂಪು ಮಾಡಿದೆ. ಮೊದಲನೇ ಗುಂಪು ಕಟ್ಟಡದ ಮೂಳೆಗಳು: ಕಂಬ, ತೊಲೆ, ಸ್ಲ್ಯಾಬು. ಇದರಲ್ಲಿ ಏನಾದರೂ ಇದ್ದಿದ್ದರೆ ನಾವು ವಾಪಸ್ಸು ಬರಬೇಕಿತ್ತು, ಯಾಕೆಂದರೆ ಮೂವತ್ತೆರಡು ಮನೆಯವರು ಸೇರಿ ಸರಿಮಾಡಬೇಕಾದ್ದನ್ನು ಒಬ್ಬರು ಸರಿಮಾಡೋಕೆ ಆಗೋಲ್ಲ. ನಮ್ಮಲ್ಲಿ ಸೊನ್ನೆ. ಎರಡನೇದು ನೀರು ಮತ್ತು ಕರೆಂಟು: ಒಂಬತ್ತು. ಉಳಿದ 54 ಎಲ್ಲ ಮೂರನೇ ಗುಂಪು, ನಿಧಾನವಾಗಿ ಮಾಡಿಕೊಳ್ಳುವಂಥದ್ದು, ಮಾಡದಿದ್ದರೂ ನಡೆಯುವಂಥದ್ದು. ಪ್ರಾಣಾಪಾಯದ ಕೆಲಸಕ್ಕೇ ಖರ್ಚು ಕಡಿಮೆ. ಆರ್‌ಸಿಸಿಬಿ, ಅರ್ಥಿಂಗು, ಇನ್ನೊಂದಿಷ್ಟು ವೈರಿಂಗು ಸೇರಿ 38 ಸಾವಿರ. ಬಾತ್‌ರೂಮನ್ನು ತಳದಿಂದ ಮಾಡಿಸೋಕೆ 1 ಲಕ್ಷ 47 ಸಾವಿರ. ಎರಡೆರಡು ಕಡೆ ಕೊಟೇಷನ್ ತಗೊಂಡ್ವಿ.

ಬ್ರೋಕರಿಗೆ ರಿಪೋರ್ಟಿನ ಸುದ್ದಿ ಮುಟ್ಟಿತ್ತು. ಇನ್‌ಸ್ಪೆಕ್ಷನ್ನೇ ಬೇಡ ಅಂದಿದ್ದವನು ಈಗ, ‘ಮೇಡಂ, ಒಳ್ಳೇ ಚಾನ್ಸು. ಐದು ಲಕ್ಷ ಕಡಿಮೆ ಕೇಳಿ. ಮುದುಕರು, ಮಗಳ ಮನೆಗೆ ಹೋಗೋ ಅರ್ಜೆಂಟಲ್ಲಿದಾರೆ, ಒಪ್ತಾರೆ’ ಅಂದ. ಗಂಡನಿಗೂ ಅದು ಸರಿ ಅನ್ನಿಸಿತು. ನನಗೂ ಐದು ಲಕ್ಷ ಅಂದಾಗ ಆಸೆ ಆಗಲಿಲ್ಲ ಅಂದರೆ ಸುಳ್ಳು. ಇಎಂಐ ಲೆಕ್ಕ ನನಗೂ ಗೊತ್ತು.

ಅಪ್ಪನಿಗೆ ಫೋನ್ ಮಾಡಿದೆ. ಅವರದ್ದೂ 15 ಲಕ್ಷ ಇತ್ತಲ್ಲ. ಎಲ್ಲ ಕೇಳಿಸಿಕೊಂಡು, ‘ರಿಪೇರಿಗೆ ಎಷ್ಟಾಗುತ್ತೋ ಅಷ್ಟು ಕೇಳು ಪುಟ್ಟಿ. ಒಂದು ರೂಪಾಯಿನೂ ಬಿಡಬೇಡ. ಅವರ ದುಃಖಕ್ಕೆ ಡಿಸ್ಕೌಂಟ್ ಕೇಳಬೇಡ’ ಅಂದರು.

ಭಾನುವಾರ ರಿಪೋರ್ಟು, ಎರಡು ಕೊಟೇಷನ್ ಹಿಡಿದು ಅಂಕಲ್ ಮನೆಗೆ ಹೋದ್ವಿ. ಕನ್ನಡಕ ಹಾಕಿಕೊಂಡು ಎಲ್ಲ ಓದಿದರು. 1 ಲಕ್ಷ 85 ಸಾವಿರ ಕಡಿಮೆ ಮಾಡಬೇಕು ಅಂತ ಹೇಳಿದೆ. ನನ್ನ ದನಿ ನಡುಗಿತು, ಹಿರಿಯರ ಹತ್ತಿರ ದುಡ್ಡಿನ ಮಾತಾಡಿ ಅಭ್ಯಾಸ ಇಲ್ಲ. ಅವರು ಕಾಗದ ಮಡಿಸಿ, ‘ಇಷ್ಟೇನಾ? ನಾನು ಇನ್ನೂ ಜಾಸ್ತಿ ಕೇಳ್ತೀರಿ ಅಂದುಕೊಂಡಿದ್ದೆ’ ಅಂದರು. ಕ್ರಯದ ಕರಾರಿನಲ್ಲಿ ಆ ಬೆಲೆಯೇ ಬಂತು. ನಾವು ಇನ್‌ಸ್ಪೆಕ್ಷನ್ನಿಗೆ ಕೊಟ್ಟದ್ದು 14 ಸಾವಿರ.

ಹೊಸ ಫ್ಲ್ಯಾಟು ಕೊಳ್ಳುವವರಿಗೆ ಇದೆಲ್ಲ ಬೇಕಾ ಅಂತ ಕೇಳಬಹುದು. ಬೇಕು, ಆದರೆ ಕಾರಣ ಸ್ವಲ್ಪ ಬೇರೆ. 2016ರ ರೇರಾ ಕಾಯ್ದೆಯ 14ನೇ ಸೆಕ್ಷನ್ ಪ್ರಕಾರ, ಸ್ವಾಧೀನ ಕೊಟ್ಟ ದಿನದಿಂದ ಐದು ವರ್ಷದೊಳಗೆ ಕಟ್ಟಡದ ರಚನೆಯಲ್ಲಿ, ಕೆಲಸದ ಗುಣಮಟ್ಟದಲ್ಲಿ ದೋಷ ಕಂಡು ಬಿಲ್ಡರಿನ ಗಮನಕ್ಕೆ ತಂದರೆ, ಅವರು ಮೂವತ್ತು ದಿನದಲ್ಲಿ ಸ್ವಂತ ಖರ್ಚಿನಲ್ಲಿ ಸರಿಮಾಡಿಕೊಡಬೇಕು. ಮಾಡದಿದ್ದರೆ ಪರಿಹಾರ ಕೇಳಬಹುದು. ಸೈಟ್ ಆಫೀಸಿನ ಹುಡುಗನಿಗೆ ಬಾಯಲ್ಲಿ ಹೇಳಿದ್ದನ್ನು ನಾಳೆ ಸಾಬೀತು ಮಾಡೋಕೆ ಆಗೋಲ್ಲ. ಫೋಟೋ ಹಾಕಿ, ತಾರೀಖು ಹಾಕಿ, ಇಮೇಲ್ ಕಳಿಸಬೇಕು. ನನ್ನ ಸಹೋದ್ಯೋಗಿ ಕೀಲಿಕೈ ತಗೊಳ್ಳೋ ಸಂಭ್ರಮದಲ್ಲಿ ‘ಎಲ್ಲ ತೃಪ್ತಿಕರವಾಗಿದೆ’ ಅನ್ನೋ ಪತ್ರಕ್ಕೆ ಓದದೆ ಸಹಿ ಹಾಕಿದ್ದಳು. ಆಮೇಲೆ ಬಿಲ್ಡರ್ ಕಡೆಯವರು ಪ್ರತಿ ಸಲ ಆ ಪತ್ರವನ್ನೇ ತೋರಿಸ್ತಿದ್ದರು. ಸಹಿಗೆ ಮೊದಲು ಇನ್‌ಸ್ಪೆಕ್ಷನ್ ಮಾಡಿಸಿ, ದೋಷಗಳ ಪಟ್ಟಿಯನ್ನು ಆ ಪತ್ರದ ಜೊತೆಗೇ ಲಗತ್ತಿಸಿ. ನಮ್ಮದರ ಥರ ಹನ್ನೆರಡು ವರ್ಷ ಹಳೇ ಮನೆಗೆ ಈ ಐದು ವರ್ಷದ ರಕ್ಷಣೆ ಯಾವತ್ತೋ ಮುಗಿದಿರುತ್ತೆ. ಕೊಂಡ ಮೇಲೆ ಕಂಡದ್ದೆಲ್ಲ ನಮ್ಮದೇ.

ಇನ್‌ಸ್ಪೆಕ್ಷನ್ ಮಾಡಿಸಿದರೆ ಎಲ್ಲ ಗೊತ್ತಾಯಿತು ಅಂತಲೂ ಅಲ್ಲ. ಅವರು ಗೋಡೆ ಒಡೆದು ನೋಡುವುದಿಲ್ಲ. ಕಾಂಕ್ರೀಟಿನ ಗಟ್ಟಿತನ ತಿಳಿಯೋಕೆ ಬೇರೆ ಪರೀಕ್ಷೆಗಳೇ ಇವೆ. ಮಾಲೀಕತ್ವದ ತಕರಾರು ವಕೀಲರ ಕೆಲಸ. ಬೇಸಿಗೆಯಲ್ಲಿ ಕಾವೇರಿ ನೀರು ಬರುತ್ತಾ, ಬೋರು ಬತ್ತುತ್ತಾ, ಟ್ಯಾಂಕರಿಗೆ ತಿಂಗಳಿಗೆ ಎಷ್ಟು ಹೋಗುತ್ತೆ ಅನ್ನೋದು ವಾಚ್‌ಮನ್ನನ್ನೋ ಅಸೋಸಿಯೇಷನ್ನಿನವರನ್ನೋ ಕೇಳಿಯೇ ತಿಳೀಬೇಕು. ನಾವು ನೋಡಿದ್ದು ಫೆಬ್ರವರಿಯಲ್ಲಿ. ಮಳೆಗಾಲ ಮುಗಿದ ಕೂಡಲೇ ನೋಡಿದ್ದರೆ ಕಿಟಕಿಗಳ ಬಗ್ಗೆ ಇನ್ನಷ್ಟು ಗೊತ್ತಾಗುತ್ತಿತ್ತು. ಭಾನುವಾರ ಸಂಜೆ ನಾಲ್ಕಕ್ಕೆ ಹೋದ ಮನೆಗೆ ಸೋಮವಾರ ಬೆಳಿಗ್ಗೆ ಏಳಕ್ಕೂ ಒಮ್ಮೆ ಹೋಗಿ. ಎಲ್ಲರೂ ಸ್ನಾನ ಮಾಡುವ ಹೊತ್ತಿನಲ್ಲಿ ನಲ್ಲಿ ತಿರುಗಿಸಿದರೆ ನೀರು ಎಷ್ಟು ರಭಸವಾಗಿ ಬರುತ್ತೆ ಅಂತ ತಿಳಿಯುತ್ತೆ.

ನಾವು ಮನೆಗೆ ಹೋಗುವ ಮೊದಲು ಬಾತ್‌ರೂಮ್ ಒಡೆಸಿದ್ವಿ. ಹೊಸ ವಾಟರ್‌ಪ್ರೂಫಿಂಗ್ ಆದ ಮೇಲೆ, ಟೈಲು ಹಾಕುವ ಮೊದಲು, ತಗ್ಗಿನ ತುಂಬ ನೀರು ನಿಲ್ಲಿಸಿ ನಲವತ್ತೆಂಟು ಗಂಟೆ ಬಿಟ್ವಿ. ಕಾಂಟ್ರಾಕ್ಟರ್ ಒಂದೇ ದಿನ ಸಾಕು ಅಂದ. ಕೆಳಗಿನ ಆಂಟಿ ಎರಡು ದಿನವೂ ಕತ್ತೆತ್ತಿ ಸೀಲಿಂಗ್ ನೋಡಿ ಫೋನಿನಲ್ಲಿ ವರದಿ ಕೊಟ್ಟರು. ಒಂದು ಹನಿಯೂ ಇಳಿಯಲಿಲ್ಲ. ಹಿಡಿಗಂಬಿಗಳನ್ನು ಎಸೆಯಲಿಲ್ಲ. ತೂತುಗಳಿಗೆ ಸರಿಯಾಗಿ ಸೀಲ್ ಮಾಡಿಸಿ ಅದೇ ಜಾಗಕ್ಕೆ ಕೂರಿಸಿದ್ವಿ. ಅಮ್ಮನಿಗೆ ಮಂಡಿನೋವು. ಊರಿಂದ ಬಂದಾಗ ಅದನ್ನೇ ಹಿಡಿದು ಏಳ್ತಾಳೆ.

ಹೋದ ದೀಪಾವಳಿಗೆ ಅಂಕಲ್ ಮೈಸೂರಿನಿಂದ ಫೋನ್ ಮಾಡಿದ್ದರು. ಹಬ್ಬದ ಮಾತೆಲ್ಲ ಮುಗಿದ ಮೇಲೆ, ‘ಈ ವರ್ಷ ಆ ಗೋಡೆಗೆ ಬಣ್ಣ ಹೊಡೆಸಬೇಕಾಯ್ತೇನಮ್ಮಾ?’ ಅಂದರು.

ಫೋನ್ ಹಿಡಿದೇ ಚಿಕ್ಕ ರೂಮಿಗೆ ಹೋಗಿ, ಗೋಡೆಗೆ ಅಂಗೈ ಒತ್ತಿ ನೋಡಿ ಹೇಳಿದೆ: ‘ಇಲ್ಲ ಅಂಕಲ್. ಒಣಗಿದೆ.’